ಬರಿಗೈಯ ಸನ್ನಾಹ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಇಂದು ಯಾವ ಮನೆಯ ಪಡಸಾಲೆಯಲ್ಲಿಯಾದರೂ ಮಕ್ಕಳ ವಿದೇಶ ವಿದ್ಯಾಭ್ಯಾಸದ ಪ್ರಸ್ತಾಪವೆದ್ದಿತೆಂದರೆ, ಮಾತು ಇಂಗ್ಲಿಷು, ಸಾಲ, ಹೈದರಾಬಾದಿನ ಕನ್ಸಲ್ಟೆನ್ಸಿ ಎಂಬ ಮೂರು ನೆಲೆಗಳನ್ನು ಸುತ್ತಿ ಅಲ್ಲಿಯೇ ಮುಗಿದುಹೋಗುತ್ತದೆ. “ಇಂಗ್ಲಿಷ್ ಒಂದ್ ಬಂತಂದ್ರ ಎಲ್ಲಾ ಬಂದಂಗ್ರಿ, ಮುಂದಿಂದು ಏಜೆಂಟರು ನೋಡ್ಕೋತಾರ” ಎಂಬ ವಾಕ್ಯವನ್ನು ಗುಂಡಗುರ್ತಿಯಲ್ಲಿ ತೊಗರಿ ಬೆಳೆಯುವ ರೈತನೂ ಆಡುತ್ತಾನೆ, ಕಲಬುರಗಿಯ ಕಾಲೇಜಿನಲ್ಲಿ ಪಾಠ ಹೇಳುವ ಪ್ರಾಧ್ಯಾಪಕನೂ ಆಡುತ್ತಾನೆ. ರೈತನು ಆಡಿದರೆ ಅದು ನಂಬಿಕೆ. ಪ್ರಾಧ್ಯಾಪಕನು ಆಡಿದರೆ ಅದು ಕರ್ತವ್ಯಚ್ಯುತಿ. ಏಕೆಂದರೆ, ಪರದೇಶದ ವಿಶ್ವವಿದ್ಯಾಲಯವೊಂದು ತನ್ನ ಬಾಗಿಲಿಗೆ ಬಂದ ವಿದ್ಯಾರ್ಥಿಯಿಂದ ಏನನ್ನು ಅಪೇಕ್ಷಿಸುತ್ತದೆ ಎಂಬುದನ್ನು ಅರಿಯಬಲ್ಲ ಅವಕಾಶ ರೈತನಿಗಿಲ್ಲ, ಪ್ರಾಧ್ಯಾಪಕನಿಗೆ ಉಂಟು. ಈ ಸರ್ವಸಮ್ಮತವಾದ ಅಭಿಪ್ರಾಯವು ಅರ್ಧಸತ್ಯವೂ ಅಲ್ಲ, ಅನರ್ಥಕಾರಿಯಾದ ಅಸತ್ಯ ಎಂದು ಸ್ಥಾಪಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಶಾಸ್ತ್ರಕಾರರ ಪದ್ಧತಿಯಂತೆ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆಯೇ ಮೊದಲು ನಿರೂಪಿಸತಕ್ಕದ್ದು. ಪರದೇಶದಲ್ಲಿ ಪಾಠಪ್ರವಚನಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಆದಕಾರಣ ಮಗುವಿಗೆ ಮಾತು ಕೂಡುವ ಮೊದಲೇ ಅದನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಬೇಕು. ಊರಿನ ನುಡಿ, ಊರಿನ ಕಸುಬು, ಊರಿನ ವಿಚಾರ ಇವೆಲ್ಲ ಪ್ರಯಾಣಿಕನಿಗೆ ಭಾರ; ಆದಕಾರಣ ಅವನ್ನು ಎಷ್ಟು ಬೇಗ ಇಳಿಸಿದರೆ ಅಷ್ಟು ಲೇಸು. ಹತ್ತನೆಯ ತರಗತಿಯಾದೊಡನೆ ಹುಡುಗನನ್ನು ಹೈದರಾಬಾದಿಗೋ ಬೆಂಗಳೂರಿಗೋ ಸಾಗಿಸಬೇಕು. ಪದವಿಯ ಕಡೆಯ ವರ್ಷದಲ್ಲಿ ಹೈದರಾಬಾದಿನ ಅಮೀರಪೇಟೆಯ ಕೋಚಿಂಗ್ ತರಗತಿಯಲ್ಲಿ ಕೂರಿಸಿ ಐಇಎಲ್‌ಟಿಎಸ್, ಜಿಆರ್‌ಇಗಳ ಅಂಕ ತರಿಸಬೇಕು. ಆಮೇಲೆ ವಿಶ್ವವಿದ್ಯಾಲಯವನ್ನು ಆರಿಸುವವನು ಏಜೆಂಟ, ಅರ್ಜಿ ಬರೆಯುವವನು ಏಜೆಂಟ, ಬ್ಯಾಂಕಿಗೆ ಕರೆದೊಯ್ಯುವವನೂ ಏಜೆಂಟ. ವೀಸಾ ದೊರೆತರೆ ಚಿಲಕೂರಿನ ಬಾಲಾಜಿಗೆ ಹರಕೆಯ 108 ಪ್ರದಕ್ಷಿಣೆ. ಈ ಸುದೀರ್ಘ ವಿಧಿಯಲ್ಲಿ ವಿದ್ಯಾರ್ಥಿಯು ತಾನಾಗಿ ಮಾಡುವ ಕಾರ್ಯ ಯಾವುದೆಂದು ಹುಡುಕಿದರೆ, ದೇವರಿಗೆ ಸುತ್ತುಬರುವುದೊಂದೇ ಉಳಿಯುತ್ತದೆ.

ಮೊದಲು ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಐಇಎಲ್‌ಟಿಎಸ್ ಎಂಬ ಪರೀಕ್ಷೆಯು ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಅಂಗಗಳನ್ನು ಅಳೆದು ಒಂಬತ್ತರ ಮಾಪಕದಲ್ಲಿ ಒಂದು ಅಂಕವನ್ನು ಕೊಡುತ್ತದೆ. ಬರವಣಿಗೆಯ ಎರಡನೆಯ ಪ್ರಶ್ನೆಗೆ ಸುಮಾರು 40 ನಿಮಿಷಗಳಲ್ಲಿ ಕನಿಷ್ಠ 250 ಪದಗಳ ಪ್ರಬಂಧ. ಸಂಭಾಷಣೆಯ ನಡುಭಾಗದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷ ಮಾತು. ಇದು ಸಾಧಾರಣವಾದ, ಪ್ರಾಮಾಣಿಕವಾದ ಪರೀಕ್ಷೆ. ತಾನು ಅಳೆಯುವುದಕ್ಕಿಂತ ಹೆಚ್ಚನ್ನು ಅಳೆಯುತ್ತೇನೆಂದು ಅದು ಎಂದೂ ಹೇಳಿಕೊಂಡಿಲ್ಲ. ಅದರ ಫಲಿತಾಂಶಕ್ಕೆ ಎರಡು ವರ್ಷಗಳಷ್ಟೇ ಮಾನ್ಯತೆ. ಹೀಗಿರಲಾಗಿ, ಕೆಲವು ವಾರಗಳ ತರಬೇತಿಯಲ್ಲಿ ಪ್ರಬಂಧದ ಮೊದಲ ವಾಕ್ಯವನ್ನೂ ಕಡೆಯ ವಾಕ್ಯವನ್ನೂ ಕಂಠಪಾಠ ಮಾಡಿಸಿ, ನಡುವೆ ಯಾವ ವಿಷಯ ಬಂದರೂ ತುರುಕಬಹುದಾದ ಅಚ್ಚುಗಳನ್ನು ಕೊಟ್ಟು, ಅಂಕವನ್ನು ಅಷ್ಟಿಷ್ಟು ಮೇಲೆತ್ತುವ ಕೌಶಲವನ್ನು ‘ವಿದೇಶಕ್ಕೆ ಸಿದ್ಧತೆ’ ಎಂದು ಕರೆಯುವುದು, ಹೊಸ್ತಿಲನ್ನು ಮನೆಯೆಂದು ಕರೆದಂತೆ. ಹೊಸ್ತಿಲು ದಾಟಲೇಬೇಕು, ಸಂದೇಹವಿಲ್ಲ. ಆದರೆ ದಾಟಿದ ಮೇಲೆ ಒಳಗಿರುವವರು ಕೇಳುವ ಮಾತು ಬೇರೆ.

ಅವರು ಕೇಳುವ ಮಾತೆಂದರೆ, ನೀನು ಯಾವ ಪ್ರಶ್ನೆಯನ್ನು ಹೊತ್ತು ಬಂದೆ, ಅದನ್ನು ಬಿಡಿಸಲು ಇದುವರೆಗೆ ಏನು ಮಾಡಿದೆ, ಇಲ್ಲಿಗೇ ಏಕೆ ಬಂದೆ ಎಂಬುದು. ಏಜೆಂಟರು ಎಸ್‌ಓಪಿ ಎಂದು ಕರೆಯುವ ಉದ್ದೇಶಪತ್ರವು ಈ ಪ್ರಶ್ನೆಗಳಿಗೆ ವಿದ್ಯಾರ್ಥಿಯು ತನ್ನ ಬುದ್ಧಿಯಿಂದ ಕೊಡಬೇಕಾದ ಉತ್ತರ. ಆದರೆ ನಮ್ಮ ಕಡೆಯಿಂದ ಹೋಗುವ ಉದ್ದೇಶಪತ್ರಗಳ ಸಾಮಾನ್ಯ ಸ್ವರೂಪವನ್ನು ಬಲ್ಲವರು ಬಲ್ಲರು: ಬಾಲ್ಯದಿಂದಲೂ ಅರ್ಜಿದಾರನಿಗೆ ತಂತ್ರಜ್ಞಾನದಲ್ಲಿ ಅಪಾರ ಕುತೂಹಲ, ಅವನು ಅರ್ಜಿ ಹಾಕುತ್ತಿರುವ ವಿದ್ಯಾಲಯವು ವಿಶ್ವವಿಖ್ಯಾತ, ಅಲ್ಲಿಯ ಅಧ್ಯಾಪಕರು ಪ್ರಾತಃಸ್ಮರಣೀಯರು, ಅವನ ಗುರಿ ಸಮಾಜಸೇವೆ. ಹೆಸರನ್ನು ತಿದ್ದಿದರೆ ಸೇಡಂನವನ ಪತ್ರ ನಿಜಾಮಾಬಾದಿನವನದಾಗುತ್ತದೆ, ವಿದ್ಯಾಲಯದ ಹೆಸರನ್ನು ತಿದ್ದಿದರೆ ಟೆಕ್ಸಾಸಿನದು ಬರ್ಮಿಂಗ್‌ಹ್ಯಾಮಿನದಾಗುತ್ತದೆ. ಇದರ ಜೊತೆಗೆ ಹೋಗುವ ಶಿಫಾರಸು ಪತ್ರಗಳನ್ನು ಬಹುಮಟ್ಟಿಗೆ ವಿದ್ಯಾರ್ಥಿಯೇ ಬರೆದು ತರುತ್ತಾನೆ, ಗುರುಗಳು ಓದದೆ ರುಜು ಹಾಕುತ್ತಾರೆ. ಗುರುವಿಗೆ ಶಿಷ್ಯನ ವಿಷಯದಲ್ಲಿ ಹೇಳಲು ಒಂದು ಸ್ವಂತ ವಾಕ್ಯವೂ ಇಲ್ಲದಿರುವಾಗ, ಶಿಷ್ಯನಿಗೆ ತನ್ನ ವಿದ್ಯೆಯ ವಿಷಯದಲ್ಲಿ ಹೇಳಲು ಒಂದು ಸ್ವಂತ ಪ್ರಶ್ನೆಯೂ ಇಲ್ಲದಿರುವಾಗ, ಎಂಟು ಅಂಕದ ಇಂಗ್ಲಿಷು ಬಂದರೂ ಹೇಳತಕ್ಕದ್ದೇನು?

ಸ್ವಂತ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಬರಗಾಲವುಂಟೆ? ವಾಡಿಯ ಹುಡುಗನು ಹುಟ್ಟಿದಂದಿನಿಂದ ಸಿಮೆಂಟಿನ ಕಾರ್ಖಾನೆಯ ಚಿಮಣಿಯನ್ನು ನೋಡುತ್ತ ಬೆಳೆಯುತ್ತಾನೆ. ಶುದ್ಧವಾದ ಸುಣ್ಣದಕಲ್ಲನ್ನು 100 ಕಿಲೋ ಸುಟ್ಟರೆ ಅದರಿಂದ 44 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ ಎಂಬುದು ಪಿಯುಸಿಯ ರಸಾಯನಶಾಸ್ತ್ರದ ಲೆಕ್ಕ. ಒಲೆಗೆ ಯಾವ ಇಂಧನ ಹಾಕಿದರೂ ಕಲ್ಲಿನಿಂದಲೇ ಹೊರಡುವ ಈ ಅನಿಲವು ತಪ್ಪುವುದಿಲ್ಲವಾದ್ದರಿಂದ, ಜಗತ್ತಿನ ಸಿಮೆಂಟು ವಿಜ್ಞಾನಿಗಳು ಸುಟ್ಟ ಕಲ್ಲಿನ ಪಾಲನ್ನೇ ಕಡಿಮೆ ಮಾಡುವ ಉಪಾಯವನ್ನು ಅರಸುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಲೋಜಾನ್ ನಗರದ ತಾಂತ್ರಿಕ ವಿದ್ಯಾಲಯವು, ದೆಹಲಿ ಮತ್ತು ಮದರಾಸಿನ ಐಐಟಿಗಳ ಸಂಶೋಧಕರೂ ಸೇರಿದ ಯೋಜನೆಯೊಂದರಲ್ಲಿ, ಕ್ಲಿಂಕರ್ ಎಂಬ ಆ ಸುಟ್ಟ ಸಾಮಗ್ರಿಯ ಸುಮಾರು ಅರ್ಧಭಾಗಕ್ಕೆ ಬದಲಾಗಿ ಕಾಸಿದ ಜೇಡಿಮಣ್ಣನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸುವ ವಿಧಾನವನ್ನು ರೂಪಿಸಿತು. ತನ್ನ ತಂದೆ ದುಡಿಯುವ ಕಾರ್ಖಾನೆಯ ಪ್ರಶ್ನೆಯೇ ಲೋಜಾನಿನ ಪ್ರಯೋಗಶಾಲೆಯ ಪ್ರಶ್ನೆಯೂ ಹೌದೆಂಬ ಸಂಗತಿಯನ್ನು ವಾಡಿಯ ಹುಡುಗನಿಗೆ ಯಾರೂ ಹೇಳುವುದಿಲ್ಲ. ಬದಲಾಗಿ, ಕಂಪ್ಯೂಟರಿನಲ್ಲಿ ತನಗೆ ಬಾಲ್ಯದ ಪ್ರೇಮವಿತ್ತೆಂದು ಬರೆಯಲು ಕಲಿಸುತ್ತಾರೆ.

ಶಹಾಬಾದದ ಸಂಗತಿಯೂ ಅಂತೆಯೇ. ಅಲ್ಲಿಯ ಫರ್ಸಿಯನ್ನು ದೇಶವೆಲ್ಲ ಮನೆಯ ನೆಲಕ್ಕೆ ಹಾಸಿಕೊಂಡಿತು. ಆದರೆ ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳು ಭೀಮಾನದಿಯ ಹೆಸರಿನಿಂದ ಕರೆದ ಶಿಲಾಸಮೂಹದಲ್ಲಿ ಆ ಕಲ್ಲಿನ ಪದರಕ್ಕೆ ಶಹಾಬಾದದ ಹೆಸರೇ ಇದೆಯೆಂಬುದನ್ನೂ, ಅದರ ವಯಸ್ಸಿನ ವಿಚಾರವಾಗಿ ವಿದ್ವಾಂಸರಲ್ಲಿ ವಾದ ನಡೆದೇ ಇದೆಯೆಂಬುದನ್ನೂ, ಖಣಿಯ ಅಂಚಿನಲ್ಲಿ ಆಡಿ ಬೆಳೆದ ವಿದ್ಯಾರ್ಥಿಗೆ ಅವನ ಕಾಲೇಜು ತಿಳಿಸಿದೆಯೆ? ಇನ್ನು ತೊಗರಿ. ನೆಟೆರೋಗವು ಮಣ್ಣಿನಲ್ಲಿ ಅಡಗಿರುವ ಒಂದು ಶಿಲೀಂಧ್ರದ ಕೃತ್ಯ. ಅದಕ್ಕೆ ಬಗ್ಗದ ‘ಮಾರುತಿ’ ಎಂಬ ತಳಿಯು 1986ರಲ್ಲಿ ಬಿಡುಗಡೆಯಾಗಿ ಕಲಬುರಗಿ ಜಿಲ್ಲೆಯ ಒಕ್ಕಲುತನಕ್ಕೆ ಉಸಿರು ತಂದಿತು. ಅದನ್ನು ರೂಪಿಸಿದ ಇಕ್ರಿಸ್ಯಾಟ್ ಸಂಸ್ಥೆಯಿರುವುದು ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ, ಅಂದರೆ ನಮ್ಮ ಮಕ್ಕಳು ಕೋಚಿಂಗಿಗೆ ಹೋಗುವ ಊರಿನ ಮಗ್ಗುಲಲ್ಲಿ. 2011ರಲ್ಲಿ ತೊಗರಿಯ ಸಮಗ್ರ ವಂಶವಾಹಿಯ ವಿನ್ಯಾಸವನ್ನು ಆ ಸಂಸ್ಥೆಯ ನೇತೃತ್ವದಲ್ಲಿ ಓದಲಾಯಿತು. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಸೂಚಿಯ ಮನ್ನಣೆ ಬಂದಿತು. ಆದಾಗ್ಯೂ 2022ರ ಹಂಗಾಮಿನಲ್ಲಿ ಇದೇ ಹೊಲಗಳಲ್ಲಿ ಬೆಳೆ ನಿಂತಲ್ಲೇ ಒಣಗಿತು. ನೆಟೆ ಬಿದ್ದ ಹೊಲದಲ್ಲಿ ನಿಂತು ಇದೇಕೆ ಮತ್ತೆ ಬಂತೆಂದು ಕೇಳಿಕೊಂಡ ಗುಂಡಗುರ್ತಿಯ ಬಿಎಸ್ಸಿ ವಿದ್ಯಾರ್ಥಿನಿಯೊಬ್ಬಳು, ತನ್ನ ಊರಿನ ಹತ್ತು ಹೊಲಗಳ ವಿವರವನ್ನು ಎರಡು ಹಂಗಾಮುಗಳ ಕಾಲ ಕ್ರಮವಾಗಿ ಬರೆದಿಟ್ಟಳೆಂದರೆ, ಯಾವ ಕೃಷಿ ವಿಶ್ವವಿದ್ಯಾಲಯದ ಅಧ್ಯಾಪಕನೂ ಅವಳ ಅರ್ಜಿಯನ್ನು ಪಕ್ಕಕ್ಕೆ ಸರಿಸಲಾರನು. ಸಂತೆಗೆ ಹೊರಟವನು ಚೀಲವನ್ನು ಎಷ್ಟು ಅಂದವಾಗಿ ಹೊಲಿಸಿಕೊಂಡರೂ ಒಳಗೆ ಕಾಳಿಲ್ಲದಿದ್ದರೆ ಕೊಳ್ಳುವವರು ಯಾರು?

ಇದು ಕೇವಲ ನನ್ನ ಊಹೆಯಲ್ಲ. ಹೋಗಿ ಹೆಸರು ಪಡೆದವರ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮೈಸೂರಿನ ಎಂ. ಎನ್. ಶ್ರೀನಿವಾಸರು 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದಾಗ ಅವರು ಕೊಂಡೊಯ್ದದ್ದು ಕೊಡಗಿನಲ್ಲಿ ತಾವೇ ಕಲೆಹಾಕಿದ್ದ ಸಾಮಗ್ರಿ. ಅಲ್ಲಿಯ ಗುರುಗಳು ಅದನ್ನು ನೋಡುವ ಹೊಸ ದೃಷ್ಟಿಯನ್ನು ಕೊಟ್ಟರು, ಸಾಮಗ್ರಿಯನ್ನು ಕೊಡಲಿಲ್ಲ, ಕೊಡಲು ಶಕ್ತರೂ ಆಗಿರಲಿಲ್ಲ. 1952ರಲ್ಲಿ ಹೊರಬಂದ ಕೊಡವರನ್ನು ಕುರಿತ ಅವರ ಗ್ರಂಥವು ಭಾರತೀಯ ಸಮಾಜಶಾಸ್ತ್ರಕ್ಕೆ ಬುನಾದಿಯಾದದ್ದು ಈ ಸಂಯೋಗದಿಂದ. ಬಾಬಾಸಾಹೇಬ ಅಂಬೇಡ್ಕರರು ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದವರು. 1916ರ ಮೇ 9ರಂದು, ಇಪ್ಪತ್ತೈದರ ಹರೆಯದಲ್ಲಿ, ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರರ ವಿಚಾರಗೋಷ್ಠಿಯಲ್ಲಿ ಅವರು ಓದಿದ ಪ್ರಬಂಧದ ವಿಷಯ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆ. ಅವರು ಕಲಿತ ಇಂಗ್ಲಿಷು ಅತ್ಯುತ್ತಮವಾಗಿತ್ತೆಂಬುದು ನಿರ್ವಿವಾದ. ಆದರೆ ಆ ಗೋಷ್ಠಿಯಲ್ಲಿದ್ದವರೆಲ್ಲರೂ ಒಳ್ಳೆಯ ಇಂಗ್ಲಿಷು ಬಲ್ಲವರೇ ಆಗಿದ್ದರು; ಆ ಪ್ರಶ್ನೆಯನ್ನು ಮೈಮೇಲೆ ಹೊತ್ತು ತಂದವರು ಅವರೊಬ್ಬರೇ.

ಇನ್ನು ಮಾಧ್ಯಮದ ವಾದ. ಇಂಗ್ಲಿಷ್ ಮಾಧ್ಯಮದಲ್ಲಿ ಓದದವನಿಗೆ ಪರದೇಶದ ವಿದ್ಯೆ ದಕ್ಕದು ಎನ್ನುವವರು ನಮ್ಮದೇ ಸೀಮೆಯ ಚರಿತ್ರೆಯನ್ನು ಮರೆತಿದ್ದಾರೆ. 1948ರ ಸೆಪ್ಟೆಂಬರಿನವರೆಗೆ ನಾವು ಇದ್ದದ್ದು ನಿಜಾಮರ ಆಳ್ವಿಕೆಯಲ್ಲಿ. ಆ ಸಂಸ್ಥಾನವು 1918ರಲ್ಲಿ ಸ್ಥಾಪಿಸಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ, ಭೌತವಿಜ್ಞಾನ, ನ್ಯಾಯಶಾಸ್ತ್ರಗಳೆಲ್ಲವನ್ನೂ ಬೋಧಿಸಿದ್ದು ಉರ್ದುವಿನಲ್ಲಿ, ಇಂಗ್ಲಿಷನ್ನು ಕಲಿಸಿದ್ದು ಕಡ್ಡಾಯವಾದ ಒಂದು ಭಾಷೆಯಾಗಿ. ಅಲ್ಲಿ ಉರ್ದುವಿನಲ್ಲಿ ಗಣಿತ ಓದಿದ ರಜಿಯುದ್ದೀನ್ ಸಿದ್ದೀಕಿ ಕೇಂಬ್ರಿಜ್‌ಗೆ ಹೋಗಿ, ಅನಂತರ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗರ ಬಳಿ ಡಾಕ್ಟರೇಟು ಪಡೆದರು. ಉರ್ದುವಿನಲ್ಲಿ ನ್ಯಾಯಶಾಸ್ತ್ರ ಓದಿದ ಮುಹಮ್ಮದ್ ಹಮೀದುಲ್ಲಾ ಬಾನ್ ಮತ್ತು ಪ್ಯಾರಿಸ್ ನಗರಗಳ ವಿಶ್ವವಿದ್ಯಾಲಯಗಳಿಂದ ಒಂದೊಂದು ಡಾಕ್ಟರೇಟು ತಂದರು. ಕನ್ನಡಿಗರಾದ ನಮ್ಮ ಹಿರಿಯರ ಮಟ್ಟಿಗೆ ಉರ್ದುವೂ ಆಳುವವರು ಹೊರಿಸಿದ ಭಾಷೆಯೇ ಆಗಿತ್ತೆಂಬುದನ್ನು ನಾನು ಮರೆತಿಲ್ಲ, ಆ ಅನ್ಯಾಯವನ್ನು ಮರೆಮಾಚುವುದೂ ನನ್ನ ಉದ್ದೇಶವಲ್ಲ. ನಾನು ತೋರಿಸಬಯಸುವುದು ಇಷ್ಟೆ: ಬಲ್ಲ ಭಾಷೆಯಲ್ಲಿ ಒಂದು ಶಾಸ್ತ್ರವನ್ನು ಬುಡದಿಂದ ತುದಿಯವರೆಗೆ ಗ್ರಹಿಸಿದವನಿಗೆ ಎರಡನೆಯ, ಮೂರನೆಯ ಭಾಷೆಯಲ್ಲಿ ಅದನ್ನು ಮುಂದುವರಿಸುವುದು ಶ್ರಮಸಾಧ್ಯ, ಯಾವ ಭಾಷೆಯಲ್ಲಿಯೂ ಗ್ರಹಿಸದವನಿಗೆ ಅದು ಅಸಾಧ್ಯ.

ಇಲ್ಲಿ ನನ್ನ ಪ್ರತಿವಾದಿಗಳಲ್ಲಿ ಅತ್ಯಂತ ಪ್ರಬಲರಾದವರು ಎದ್ದು ನಿಲ್ಲುತ್ತಾರೆ. “ಕನ್ನಡದ ಹಿರಿಮೆಯನ್ನು ಬಡವರ ಮಕ್ಕಳಿಗೆ ಬೋಧಿಸಿ, ತಮ್ಮ ಮಕ್ಕಳನ್ನು ಕಾನ್ವೆಂಟಿಗೂ ಅಮೆರಿಕಕ್ಕೂ ಕಳಿಸಿದವರ ಮಾತು ಇದು, ಶತಮಾನಗಳ ಕಾಲ ನಮಗೆ ಅಕ್ಷರವನ್ನೇ ನಿಷೇಧಿಸಿದವರು ಈಗ ಇಂಗ್ಲಿಷನ್ನು ನಿಷೇಧಿಸುತ್ತಿದ್ದಾರೆ” ಎಂದು ಅವರು ಹೇಳುತ್ತಾರೆ. ಈ ಮಾತಿನ ಕೋಪ ನ್ಯಾಯವಾದದ್ದು, ಅದರ ಮೊದಲ ಭಾಗ ನಿಜವಾದದ್ದು. ಅದನ್ನು ಅಲ್ಲಗಳೆಯುವ ಧೈರ್ಯ ಕನ್ನಡದ ಲೇಖಕರಾರಿಗೂ ಇರಕೂಡದು. ಆದರೆ ಇಂಗ್ಲಿಷನ್ನು ಕೊಡಬೇಡಿರೆಂದು ಹೇಳಿದವರು ಯಾರು? ಒಂದನೆಯ ತರಗತಿಯಿಂದಲೇ ಕೊಡಿರಿ, ಬಲ್ಲ ಅಧ್ಯಾಪಕರಿಂದ ಕೊಡಿಸಿರಿ, ಪ್ರತಿಯೊಂದು ಮಗುವಿಗೂ ಕೊಡಿರಿ ಎಂದೇ ನನ್ನ ಆಗ್ರಹ. ನನ್ನ ದೂರು ಬೇರೆ. 1994ರ ಸರಕಾರದ ಆಜ್ಞೆಯು ಪ್ರಾಥಮಿಕ ಹಂತಕ್ಕೆ ಮಾತೃಭಾಷಾ ಮಾಧ್ಯಮವನ್ನು ವಿಧಿಸಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಹಾಗೆ ವಿಧಿಸುವ ಅಧಿಕಾರ ರಾಜ್ಯಕ್ಕಿಲ್ಲವೆಂದು ತೀರ್ಪಿತ್ತಿತು. 2019ರಲ್ಲಿ ಸರಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಈ ಕಾಲು ಶತಮಾನದ ಕದನದಲ್ಲಿ ಎರಡೂ ಪಕ್ಷಗಳು ಹೊಡೆದಾಡಿದ್ದು ಫಲಕದ ಮೇಲಿನ ಮಾಧ್ಯಮದ ಹೆಸರಿಗಾಗಿ. ತರಗತಿಯೊಳಗೆ ಕಲಿಸುವವನು ಬಲ್ಲನೆ, ಕಲಿಯುವವನಿಗೆ ತಿಳಿಯಿತೆ ಎಂಬುದನ್ನು ಯಾರೂ ಕೇಳಲಿಲ್ಲ. ತಾಲೂಕು ಊರಿನ ಎಷ್ಟೋ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಪುಸ್ತಕ ಇಂಗ್ಲಿಷಿನದು, ವಿವರಣೆ ಅರೆಬರೆ ಕನ್ನಡದ್ದು, ಉತ್ತರ ಕಂಠಪಾಠದ್ದು. ಹತ್ತು ವರ್ಷಗಳಾದ ಮೇಲೆ ಮಗುವಿಗೆ ಕನ್ನಡದಲ್ಲಿ ಒಂದು ಪುಟ ಬರೆಯಲು ಬಾರದು, ಇಂಗ್ಲಿಷಿನಲ್ಲಿ ಒಂದು ಪುಟ ಯೋಚಿಸಲು ಬಾರದು. ಶೋಷಿತರ ಮಕ್ಕಳಿಗೆ ಇಂಗ್ಲಿಷಿನ ಹೆಸರಿನಲ್ಲಿ ಇಂಗ್ಲಿಷಲ್ಲದ್ದನ್ನು ಮಾರುವುದು, ಅಕ್ಷರವನ್ನು ನಿಷೇಧಿಸಿದ ಹಳೆಯ ಅನ್ಯಾಯದ ಹೊಸ ಅವತಾರವೇ ಹೊರತು ಅದಕ್ಕೆ ಪ್ರತಿಕಾರವಲ್ಲ.

ಹಣದ ವಿಚಾರವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗಬಹುದು, ಏಕೆಂದರೆ ಅಲ್ಲಿ ಪ್ರಚಲಿತ ಅಭಿಪ್ರಾಯದ ದೋಷವು ಸ್ವಯಂಸ್ಪಷ್ಟ. ಬ್ಯಾಂಕುಗಳ ಸಾಮಾನ್ಯ ನಿಯಮದಂತೆ ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ವಿದ್ಯಾಸಾಲಕ್ಕೆ ಆಸ್ತಿಯ ಒತ್ತೆ ಬೇಕು. ನಮ್ಮ ಜನರ ಆಸ್ತಿಯೆಂದರೆ ಪಹಣಿಯ ಎರೆಭೂಮಿ. ಕೃಷಿಭೂಮಿಯನ್ನು ಈ ಸಾಲಕ್ಕೆ ಒತ್ತೆಯಾಗಿ ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಆಗ ಉಳಿಯುವುದು ಹೆಚ್ಚು ಬಡ್ಡಿಯ ಖಾಸಗಿ ಸಾಲ, ಇಲ್ಲವೆ ಹೊಲದ ಮಾರಾಟ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾಶುಲ್ಕವೇ ಇಲ್ಲವೆಂಬುದನ್ನೂ, ಅಲ್ಲಿ ಜೀವನವೆಚ್ಚಕ್ಕಾಗಿ ವರ್ಷಕ್ಕೆ 11,904 ಯೂರೋಗಳನ್ನು ತಡೆಖಾತೆಯಲ್ಲಿ ತೋರಿಸಬೇಕೆಂಬುದನ್ನೂ, ಯುರೋಪಿನ ಎರಾಸ್ಮಸ್ ಮುಂಡಸ್, ಜರ್ಮನಿಯ ಡಾಡ್, ಬ್ರಿಟನ್ನಿನ ಕಾಮನ್‌ವೆಲ್ತ್ ಮೊದಲಾದ ವಿದ್ಯಾರ್ಥಿವೇತನಗಳಿವೆಯೆಂಬುದನ್ನೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದ್ದೇ ಆದ ಪ್ರಬುದ್ಧ ಯೋಜನೆಯಿದೆಯೆಂಬುದನ್ನೂ ಕನ್ಸಲ್ಟೆನ್ಸಿಯವನು ತಾನಾಗಿ ಹೇಳುವುದು ಅಪರೂಪ. ಅವನಿಗೆ ದಲ್ಲಾಳಿ ಹಣ ಬರುವುದು ಶುಲ್ಕ ವಸೂಲು ಮಾಡುವ ವಿದ್ಯಾಲಯಗಳಿಂದ. ಈ ವೇತನಗಳ ಅರ್ಜಿಗಳೆಲ್ಲ ಏನನ್ನು ಕೇಳುತ್ತವೆ? ಮತ್ತದೇ: ನಿನ್ನ ಪ್ರಶ್ನೆ ಯಾವುದು, ಕಲಿತು ಏನು ಮಾಡುವೆ? ಪ್ರಶ್ನೆಯುಳ್ಳ ಬಡವನಿಗೆ ದಾರಿ ಕಿರಿದಾಗಿದೆಯಾದರೂ ಉಂಟು. ಪ್ರಶ್ನೆಯಿಲ್ಲದ ಬಡವನಿಗೆ ಸಾಲವೊಂದೇ ದಾರಿ.

ಸರಕಾರವೂ ಈ ದೋಷದಿಂದ ಮುಕ್ತವಲ್ಲ. ಪರಿಶಿಷ್ಟ ಜಾತಿಯವರು, ಅಲೆಮಾರಿ ಮತ್ತು ವಿಮುಕ್ತ ಸಮುದಾಯದವರು, ಭೂಹೀನ ಕೃಷಿಕಾರ್ಮಿಕರ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು, ಇವರಿಗಾಗಿ ಕೇಂದ್ರ ಸರಕಾರವು ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳು. 2022ರಲ್ಲಿ ಅದರ ನಿಯಮಗಳನ್ನು ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜವನ್ನು ಕುರಿತ ವಿಷಯಗಳಿಗೆ ಈ ವೇತನವಿಲ್ಲವೆಂದು ವಿಧಿಸಲಾಯಿತು. ಅಂಥವನ್ನು ಓದಲು ಹೊರದೇಶಕ್ಕೆ ಏಕೆ ಹೋಗಬೇಕೆಂಬುದು ಕೊಟ್ಟ ಸಮರ್ಥನೆ. ಈ ನಿಯಮವು 1913ರ ಬರೋಡೆಯಲ್ಲಿ ಇದ್ದಿದ್ದರೆ ಕೊಲಂಬಿಯಾದ ಆ ಪ್ರಬಂಧದ ಗತಿಯೇನಾಗುತ್ತಿತ್ತೆಂದು ನಿಯಮಕರ್ತರು ಒಮ್ಮೆಯಾದರೂ ಯೋಚಿಸಿದರೆ? ಚಿಂಚೋಳಿಯ ತಾಂಡಾದಿಂದ ಹೊರಟ ಹುಡುಗಿಯು ತಾಂಡಾದ ವಿಷಯವನ್ನು ಬಿಟ್ಟು ಉಳಿದೆಲ್ಲವನ್ನೂ ಓದಬಹುದೆಂಬ ವಿಧಿಯೂ, ಊರನ್ನು ಮರೆತರೆ ಮಾತ್ರ ಉದ್ಧಾರವೆಂಬ ಪಡಸಾಲೆಯ ಮಾತೂ ಒಂದೇ ಬೇರಿನ ಎರಡು ಚಿಗುರು.

“ಒಪ್ಪಿದೆವು, ಸಮಾಜಶಾಸ್ತ್ರಕ್ಕೂ ಕೃಷಿಗೂ ಊರು ಬೇಕಾದೀತು. ಆದರೆ ಹತ್ತರಲ್ಲಿ ಎಂಟು ಮಂದಿ ಹೋಗುವುದು ಕಂಪ್ಯೂಟರ್ ವಿಜ್ಞಾನಕ್ಕೆ. ಅಲ್ಲಿ ನಿಮ್ಮ ಸೇಡಂ ಚಿತ್ತಾಪುರಗಳಿಗೆ ಏನು ಕೆಲಸ?” ಎಂದು ಕೇಳುವವರುಂಟು. ಅವರಿಗೆ ಉತ್ತರ ಇದು. ನಮ್ಮ ಸೀಮೆಯ ಹುಡುಗನು ಮನೆಯಲ್ಲಿ ಕನ್ನಡವನ್ನೂ, ಬಜಾರಿನಲ್ಲಿ ದಖನಿಯನ್ನೂ, ತಾಂಡೂರಿನ ಕಡೆಗೆ ಹೋದರೆ ತೆಲುಗನ್ನೂ, ಚಿಂಚೋಳಿಯ ಕಾಡಿನ ಅಂಚಿನಲ್ಲಿ ಲಂಬಾಣಿಯನ್ನೂ ಕೇಳಿ, ಒಂದೇ ದಿನದಲ್ಲಿ ಮೂರಾದರೂ ಭಾಷೆಗಳಲ್ಲಿ ವ್ಯವಹರಿಸುತ್ತಾನೆ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಊರಿನಲ್ಲಿ ಬಾಳಿ ವಾಕ್ಯರಚನೆಯಲ್ಲಿ ಒಂದರಂತೊಂದು ಆದ ಬಗೆಯನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ಪಂಡಿತರು 1971ರಲ್ಲಿ ಪ್ರಕಟಿಸಿದ ಲೇಖನವನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಇಂದಿಗೂ ಓದುತ್ತಾರೆ. ಯಂತ್ರಕ್ಕೆ ಮಾತು ಕಲಿಸುವುದೇ ಇಂದಿನ ಗಣಕವಿಜ್ಞಾನದ ಅಗ್ರಕಾರ್ಯಗಳಲ್ಲಿ ಒಂದಾಗಿರುವಾಗ, ಬೆರೆತ ನುಡಿಯನ್ನೂ, ಸ್ವಂತ ಲಿಪಿಯಿಲ್ಲದ ಲಂಬಾಣಿಯಂತಹ ನುಡಿಯನ್ನೂ ಯಂತ್ರವು ಗ್ರಹಿಸುವಂತೆ ಮಾಡುವುದು ಹೇಗೆಂಬುದು ಯಾವ ಪ್ರಯೋಗಶಾಲೆಯಲ್ಲಿಯೂ ಕಡೆಗಣಿಸಬಹುದಾದ ಪ್ರಶ್ನೆಯಲ್ಲ. ಕುಪವಾಡದಲ್ಲಿ ಪರದೇಶದ ವಿದ್ವಾಂಸರು ಹುಡುಕಿಕೊಂಡು ಬಂದು ಕಂಡದ್ದು ಸೇಡಂನ ಹುಡುಗನ ನಾಲಗೆಯ ಮೇಲೆ ಹುಟ್ಟಿನಿಂದಲೇ ಇದೆ. ಅವನಾದರೋ ಅದನ್ನು ದೋಷವೆಂದು ನಾಚಿ, ಉಚ್ಚಾರಣೆ ತಿದ್ದುವ ತರಗತಿಗೆ ಹಣ ಕಟ್ಟುತ್ತಿದ್ದಾನೆ.

ನನ್ನ ವಾದವನ್ನು ಗತವೈಭವದ ಸ್ತುತಿಯೆಂದು ಭ್ರಮಿಸಿ ನನ್ನನ್ನು ಬೆಂಬಲಿಸಲು ಬರುವವರಿಂದಲೂ ನಾನು ದೂರ ನಿಲ್ಲಬೇಕಾಗಿದೆ. ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತೆಂದೂ, 851ರ ಅರಬ್ ವೃತ್ತಾಂತವು ಅಲ್ಲಿಯ ಅರಸನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತೆಂದೂ ಭಾಷಣ ಮಾಡುವವರು ಇಲ್ಲಿ ಹೇರಳ. ಆದರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು 1912ರಲ್ಲಿ ಮದರಾಸಿನಲ್ಲಿ ಅಚ್ಚಾಗಿ ಹೊರಬಂದಾಗ ಅದಕ್ಕೆ ಪ್ರಸ್ತಾವನೆ ಬರೆದವರು ಕೊಲಂಬಿಯಾದ ಡೇವಿಡ್ ಯೂಜೀನ್ ಸ್ಮಿತ್. ಆ ಗ್ರಂಥದ ಒಂದು ಲೆಕ್ಕವನ್ನಾದರೂ ಬಿಡಿಸಬಲ್ಲ ಗಣಿತದ ಪದವೀಧರರು ಸೇಡಂ ತಾಲೂಕಿನಲ್ಲಿ ಎಷ್ಟು ಮಂದಿ? ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತೆಂದು ನಾವೆಲ್ಲರೂ ಬಲ್ಲೆವು. 1058ರ ಶಾಸನವು ಅಲ್ಲಿಯ 200 ವೇದವಿದ್ಯಾರ್ಥಿಗಳನ್ನೂ 52 ಶಾಸ್ತ್ರವಿದ್ಯಾರ್ಥಿಗಳನ್ನೂ ಹೇಳಿ, ಅವರ ಜೊತೆಗೆ ಗ್ರಂಥಭಂಡಾರವನ್ನು ನೋಡಿಕೊಳ್ಳುವ 6 ಮಂದಿಯನ್ನೂ ಹೇಳುತ್ತದೆ. ವೇದಾಧಿಕಾರವಿದ್ದವರಿಗೆ ಮಾತ್ರ ತೆರೆದಿದ್ದ ಆ ಸಂಸ್ಥೆಯನ್ನು ಮರಳಿ ತರಬೇಕೆಂದು ನಾನು ಹೇಳುವುದಿಲ್ಲ. ನಾನು ಕೇಳುವುದು, ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಮಂದಿ ಗ್ರಂಥಪಾಲಕರನ್ನು ಸಾಕಿದ ನೆಲದಲ್ಲಿ, ಸಾವಿರ ವಿದ್ಯಾರ್ಥಿಗಳ ಕಾಲೇಜಿಗೆ ಗ್ರಂಥಪಾಲಕನ ಹುದ್ದೆ ಖಾಲಿಯಿದ್ದರೂ ಯಾರಿಗೂ ನಾಚಿಕೆಯಾಗುವುದಿಲ್ಲವೇಕೆ ಎಂದು. ಊರನ್ನು ಅರಿಯುವುದು ಊರನ್ನು ಹೊಗಳುವುದಲ್ಲ. ಹೊಗಳುವವನು ಪ್ರಶ್ನೆಯನ್ನು ಮುಚ್ಚುತ್ತಾನೆ, ಅರಿಯುವವನು ತೆರೆಯುತ್ತಾನೆ.

ಹಾಗಾದರೆ ನಿಜವಾದ ಸನ್ನಾಹ ಯಾವುದು? ಪಿಯುಸಿ ಮುಗಿದ ದಿನದಿಂದ ವಿದ್ಯಾರ್ಥಿಯು ತನ್ನ ಶಾಸ್ತ್ರದ ಒಂದು ಮೂಲಗ್ರಂಥವನ್ನಾದರೂ ಪ್ರತಿವರ್ಷ ಆದ್ಯಂತವಾಗಿ ಓದಿ, ಅದರ ಸಾರವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತನ್ನ ಮಾತಿನಲ್ಲಿ ಬರೆಯತಕ್ಕದ್ದು. ಪದವಿಯ ಮೂರೋ ನಾಲ್ಕೋ ವರ್ಷಗಳಲ್ಲಿ ಅವನು ತನ್ನ ಸುತ್ತಣ ಒಂದು ಖಣಿ, ಒಂದು ಕೆರೆ, ಒಂದು ಬೆಳೆ, ಒಂದು ನುಡಿ, ಒಂದು ಕೈಗಾರಿಕೆ ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಂಡು, ಅಳೆದು, ಎಣಿಸಿ, ಬರೆದಿಟ್ಟು, ಅದರ ವಿಷಯದಲ್ಲಿ ಇತರರು ಬರೆದದ್ದನ್ನು ಓದಿ, ತನಗೆ ತಿಳಿಯದ ಭಾಗ ಯಾವುದೆಂದು ಖಚಿತವಾಗಿ ಹೇಳಬಲ್ಲವನಾಗತಕ್ಕದ್ದು. ಆ ಮೇಲೆ ಅದೇ ಪ್ರಶ್ನೆಯನ್ನು ಹಿಡಿದವರು ಯಾವ ದೇಶದ ಯಾವ ವಿದ್ಯಾಲಯದಲ್ಲಿದ್ದಾರೆಂದು ತಾನೇ ಹುಡುಕಿ, ತನ್ನ ಹೆಸರಿನಲ್ಲಿ ತಾನೇ ಪತ್ರ ಬರೆಯತಕ್ಕದ್ದು. ಇಂಗ್ಲಿಷಿನ ಪರೀಕ್ಷೆಯು ಇವೆಲ್ಲದರ ಕಡೆಯಲ್ಲಿ ಬರತಕ್ಕದ್ದು. ಇಷ್ಟನ್ನು ಮಾಡಿದವನಿಗೆ ಅದು ಒಂದೆರಡು ತಿಂಗಳ ಅಭ್ಯಾಸದಿಂದ ಆಗುವ ಕೆಲಸ. ಹೀಗೆ ಸಿದ್ಧನಾದವನಿಗೆ ಒಂದು ವೇಳೆ ವೀಸಾ ದೊರೆಯದೆ ಹೋದರೂ ಅವನು ಕಳೆದುಕೊಂಡದ್ದು ಏನೂ ಇಲ್ಲ. ಆ ವಿದ್ಯೆ ಪಟಾಂಚೆರುವಿನಲ್ಲಿಯೂ ನಡೆಯುತ್ತದೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ನಡೆಯುತ್ತದೆ. ಕೋಚಿಂಗಿನಿಂದ ಸಿದ್ಧನಾದವನಿಗಾದರೋ ವೀಸಾ ದೊರೆಯದಿದ್ದರೆ ಉಳಿಯುವುದು ಕಟ್ಟಿದ ಶುಲ್ಕದ ರಸೀದಿ ಮಾತ್ರ.

ಈ ಸನ್ನಾಹವನ್ನು ಮಕ್ಕಳು ತಾವಾಗಿಯೇ ಮಾಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವ ಅಧಿಕಾರ ಕಲಿಸುವವರಿಗಿಲ್ಲ. 1980ರಿಂದ ಕಲಬುರಗಿ ವಿಭಾಗಕ್ಕೆ ತನ್ನದೇ ಆದ ವಿಶ್ವವಿದ್ಯಾಲಯವಿದೆ. ಸಂವಿಧಾನದ 371-ಜೆ ವಿಧಿಯ ಮೂಲಕ ಪ್ರವೇಶದಲ್ಲಿಯೂ ಹುದ್ದೆಗಳಲ್ಲಿಯೂ ಮೀಸಲಾತಿ ಬಂದಿದೆ. ಹಿಂದುಳಿದಿದ್ದೇವೆಂಬ ದೂರನ್ನು ಇನ್ನೊಂದು ತಲೆಮಾರು ಒಪ್ಪಿಸುತ್ತಲೇ ಕೂರುವುದು ಶೋಭೆಯಲ್ಲ. ಆದಕಾರಣ ಈ ಸೀಮೆಯ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನದೊಂದು ನೇರವಾದ ಬೇಡಿಕೆ: ‘ವಿದೇಶ ಶಿಕ್ಷಣ ಮಾರ್ಗದರ್ಶನ’ವೆಂಬ ಹೆಸರಿನಲ್ಲಿ ಕನ್ಸಲ್ಟೆನ್ಸಿಯವರಿಗೆ ನಿಮ್ಮ ಸಭಾಂಗಣವನ್ನು ಬಿಟ್ಟುಕೊಡುವುದನ್ನು ನಿಲ್ಲಿಸಿರಿ. ಆ ಸಭಾಂಗಣದಲ್ಲಿ, ತನ್ನ ಊರಿನ ಒಂದು ಪ್ರಶ್ನೆಯನ್ನು ಒಂದು ವರ್ಷ ಬೆನ್ನಟ್ಟಿದ ವಿದ್ಯಾರ್ಥಿಯು ತಾನು ಕಂಡದ್ದನ್ನು ಅರ್ಧಗಂಟೆ ನಿಂತು ಹೇಳಲಿ, ಅಧ್ಯಾಪಕರು ಕುಳಿತು ಕೇಳಿ ಕಠಿಣವಾಗಿ ಪ್ರಶ್ನಿಸಲಿ. ಅವರಲ್ಲಿ ಯಾರಿಗೆ ಅವನ ವಿಷಯದಲ್ಲಿ ನಿಜವಾಗಿ ಹೇಳಲು ಮಾತಿದೆಯೋ ಅವರು ಮಾತ್ರ, ತಮ್ಮ ಕೈಯಿಂದಲೇ, ಶಿಫಾರಸು ಪತ್ರವನ್ನು ಬರೆಯಲಿ. ಇಷ್ಟು ಮಾಡಲು ಸರಕಾರದ ಅನುದಾನ ಬೇಡ, ಹೊಸ ಆಜ್ಞೆ ಬೇಡ. ಇಷ್ಟನ್ನೂ ಮಾಡಲಾರದ ಕಾಲೇಜು ತನ್ನ ವಿದ್ಯಾರ್ಥಿಯನ್ನು ಹೊರದೇಶಕ್ಕೆ ಕಳಿಸಿಕೊಟ್ಟೆನೆಂದು ಪತ್ರಿಕೆಯಲ್ಲಿ ಅಭಿನಂದನೆಯ ಜಾಹೀರಾತು ಹಾಕಿಸುವ ಅರ್ಹತೆಯನ್ನು ಪಡೆದಿಲ್ಲ.